ಹಾಲಿನಲ್ಲಿ ಬಿಳಿ ಎಳೆ ಕಂಡರೆ ಸೋಸಿ ಸುಮ್ಮನಾಗಬೇಡಿ

ಕಳೆದ ಮಳೆಗಾಲ ಧರ್ಮಸ್ಥಳದ ಹತ್ತಿರದ ನಮ್ಮ ಹಟ್ಟಿಯಲ್ಲಿ ಗೌರಿಯ ಹಾಲಿನ ಮೊದಲ ಧಾರೆಯಲ್ಲೇ ತೆಳ್ಳಗೆ ಬಿಳಿ ಎಳೆ ಕಂಡಿತು. ಕಸ ಇರಬೇಕು ಅಂತ ಸೋಸಿ ಬಿಟ್ಟೆ. ಮೂರನೇ ದಿನ ಹಿಂದಿನ ಎಡ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಒದೆ. ಕೆಚ್ಚಲು ಬಾವು! ಅರಿಶಿನ ಹಚ್ಚುತ್ತಾ ಮತ್ತೆರಡು ದಿನ ಕಳೆದೆ, ಸಾವಯವದ ಹಠ ನೋಡಿ. ಆ ಮೊಲೆಯಲ್ಲಿ ಇವತ್ತಿಗೂ ಅರ್ಧ ಹಾಲು ಮಾತ್ರ.

ಆ ಎಳೆ ಕಸ ಅಲ್ಲ. ಸತ್ತ ಬಿಳಿ ರಕ್ತಕಣಗಳು ಮತ್ತು ಹೆಪ್ಪುಗಟ್ಟಿದ ಪ್ರೋಟೀನು.

ಮೊಲೆಯ ತೂತಿನಿಂದ ಬ್ಯಾಕ್ಟೀರಿಯಾ ಒಳಗೆ ಹೋದ ಕೂಡಲೇ ಅಲ್ಲಿನ ಜೀವಕೋಶಗಳು ರಾಸಾಯನಿಕ ಸಂಕೇತ ಬಿಡುತ್ತವೆ. ಹತ್ತಿರದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಓಡುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಅಲ್ಲಿ ಉರುಳಿ, ಅಂಟಿ ನಿಂತು, ಗೋಡೆಯ ಸಂದಿಯಲ್ಲಿ ನುಸುಳಿ ಹೊರಬರುತ್ತವೆ. ಆಮೇಲೆ ವಾಸನೆ ಹಿಡಿದ ನಾಯಿಯ ಹಾಗೆ, ಸಂಕೇತ ಎಲ್ಲಿ ದಟ್ಟವೋ ಆ ಕಡೆಗೇ ತೆವಳುತ್ತವೆ. ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತವೆ, ಕೊನೆಗೆ ತಾವೂ ಸಾಯುತ್ತವೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಇಂಥದ್ದೇ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಒಳ್ಳೆಯ ಕೆಚ್ಚಲಿನ ಹಾಲಿನಲ್ಲೂ ಕಣಗಳು ಉಂಟು, ಒಂದು ಮಿ.ಲೀ.ಗೆ ಸಾಮಾನ್ಯವಾಗಿ 1 ಲಕ್ಷದೊಳಗೆ. 2 ಲಕ್ಷ ದಾಟಿದರೆ, ಹಾಲು ನೋಡಲು ಚೆನ್ನಾಗಿದ್ದರೂ ಸೋಂಕು ಅಂತಲೇ ಲೆಕ್ಕ. ಇದನ್ನು ಮನೆಯಲ್ಲೇ ಹಿಡಿಯಬಹುದು. 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕರೆದು, ಅಷ್ಟೇ ಸೋಪು ನೀರು ಸೇರಿಸಿ ಒಂದು ನಿಮಿಷ ತಿರುಗಿಸಿ. ಸೋಪು ಬಿಳಿಕಣಗಳನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಕಣ ಹೆಚ್ಚಿದ್ದಷ್ಟೂ ಲೋಳೆ ದಪ್ಪ. ಕರು ಹಾಕಿದ ಮೊದಲ ದಿನಗಳಲ್ಲಿ, ಹಾಲು ಬತ್ತುವಾಗ ಸೋಂಕಿಲ್ಲದೆಯೂ ಲೋಳೆ ಬರುತ್ತದೆ, ಆಗ ಹೆದರಬೇಡಿ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ.

ಒಂದೇ ತಟ್ಟೆ ಲೋಳೆಯಾದರೆ ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ. ಆ್ಯಂಟಿಬಯೋಟಿಕ್ ಕೊಟ್ಟರೆ ಅವರು ಹೇಳಿದಷ್ಟು ದಿನ ಸೊಸೈಟಿಗೆ ಹಾಲು ಹಾಕಬೇಡಿ. ಕರು ಹಾಕುವ ಹಿಂದೆಮುಂದಿನ ವಾರಗಳಲ್ಲಿ ಈ ಬಿಳಿಕಣಗಳೇ ಮಂಕಾಗಿರುತ್ತವೆ, ಆಗ ಹಟ್ಟಿ ಒಣಗಿರಲೇಬೇಕು. ಕರೆದಾದ ಮೇಲೆ ಮೊಲೆಯ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ದನ ಮಲಗದ ಹಾಗೆ ಮುಂದೆ ಹುಲ್ಲು ಹಾಕಿ.

ನಮ್ಮಲ್ಲಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾಲ್ಕು ಸ್ಟೀಲ್ ತಟ್ಟೆ ಹಟ್ಟಿಗೆ ಹೋಗುತ್ತದೆ. ಅಮ್ಮ ಅವನ್ನು ಅಡುಗೆಮನೆಗೆ ವಾಪಸು ಸೇರಿಸುವುದಿಲ್ಲ.