ಗೋಕರ್ಣದ ಬಸ್ ಲೆಕ್ಕ: ದುಬಾರಿಯಾಗುವುದು ಕೊನೆಯ ಆರು ಕಿಲೋಮೀಟರ್

ಬೆಂಗಳೂರಿನಿಂದ ಗೋಕರ್ಣಕ್ಕೆ ರಸ್ತೆಯಲ್ಲಿ ಹೆಚ್ಚುಕಡಿಮೆ 500 ಕಿ.ಮೀ. ರಾತ್ರಿ ಬಸ್ ಹತ್ತಿದರೆ 11ರಿಂದ 12 ತಾಸು. ಕೆಂಪು ಬಸ್ಸಿನ ವೇಗದೂತ ದರವನ್ನು ಕಿ.ಮೀ.ಗೆ ₹1.30ರಂತೆ ಹಿಡಿದರೆ ಒಂದು ಕಡೆಗೆ ₹650 ಆಗುತ್ತದೆ. 2025ರ ಜನವರಿ 5ರಂದು ಸರ್ಕಾರಿ ಬಸ್ ದರ ಶೇ 15ರಷ್ಟು ಏರಿದ ಮೇಲಿನ ಲೆಕ್ಕವಿದು.

ಖಾಸಗಿ ಎ.ಸಿ. ಸ್ಲೀಪರ್ ವಾರದ ಮಧ್ಯೆ ₹1,000ದ ಆಸುಪಾಸಿನಲ್ಲಿ ಸಿಗುತ್ತದೆ, ಕಿ.ಮೀ.ಗೆ ₹2. ಸಾಲು ರಜೆ ಬಂತೆಂದರೆ ಅದೇ ಸೀಟಿಗೆ ಎರಡು ಪಟ್ಟು ಕೇಳುತ್ತಾರೆ. ಗುರುವಾರ ರಾತ್ರಿಯ ಬದಲು ಮಂಗಳವಾರ ರಾತ್ರಿ ಹೊರಟವರಿಗೆ ಒಂದು ದಿನದ ಊಟ-ವಸತಿಯ ಖರ್ಚು ಅಲ್ಲೇ ಉಳಿದಂತೆ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ವೇಗದೂತ ಬಸ್ಸಿಗೂ ಶೂನ್ಯ ಟಿಕೆಟ್. ರಾಜಹಂಸ, ಸ್ಲೀಪರ್, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನೇರ ವೇಗದೂತ ಸಿಗದಿದ್ದರೆ ಶಿವಮೊಗ್ಗ, ಸಾಗರ, ಹೊನ್ನಾವರ, ಕುಮಟಾ ಎಂದು ಬಸ್ ಬದಲಿಸುತ್ತ ಬರಬೇಕಾದೀತು. ಅದು ಹಗಲು ಪೂರ್ತಿ ಹಿಡಿಯುವ ದಾರಿ. ಆದರೆ ಶರಾವತಿ ಕಣಿವೆಯನ್ನು ಕಿಟಕಿ ಪಕ್ಕ ಕೂತು ನೋಡುತ್ತ ಇಳಿಯುವ ಭಾಗ್ಯ ರಾತ್ರಿ ಸ್ಲೀಪರಿನಲ್ಲಿ ಮಲಗಿದವರಿಗಿಲ್ಲ. ನನ್ನ ಆಯ್ಕೆ ಈ ದಾರಿಯೇ.

ದುಡ್ಡು ಸೋರುವುದು ಗೋಕರ್ಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ. ಅಲ್ಲಿಂದ ಓಂ ಬೀಚಿಗೆ ರಸ್ತೆಯಲ್ಲಿ ಸುಮಾರು 6 ಕಿ.ಮೀ. ಆಟೊಗೆ ₹250 ಕೊಟ್ಟರೆ ಕಿ.ಮೀ.ಗೆ ₹40ರ ಮೇಲಾಯಿತು, ವೇಗದೂತ ಬಸ್ಸಿನ ಮೂವತ್ತು ಪಟ್ಟು. ಆಟೊದವರ ತಪ್ಪೇನಿಲ್ಲ, ಏರುದಾರಿಯಲ್ಲಿ ಬಂದು ಬಹಳ ಸಲ ಖಾಲಿ ಗಾಡಿಯಲ್ಲೇ ಮರಳಬೇಕು. ನಾಲ್ವರು ಸೇರಿ ಹತ್ತಿದರೆ ತಲೆಗೆ ₹60-65 ಬಿದ್ದೀತು.

ಒಬ್ಬರೇ ಆದರೆ ನಡೆಯಿರಿ. ಕುಡ್ಲೆ ಬೀಚಿಗೆ ಅರ್ಧ ತಾಸು. ಅಲ್ಲಿಂದ ಗುಡ್ಡ ಹತ್ತಿ ಇನ್ನೊಂದು ಅರ್ಧ ತಾಸು ನಡೆದರೆ ಓಂ. ಕೆಂಪು ಚಿರೆಕಲ್ಲಿನ ಮೇಲೆ ಸವೆದ ಕಾಲುದಾರಿ, ತಿರುವೊಂದರಲ್ಲಿ ಎಡಕ್ಕೆ ಒಣಹುಲ್ಲು, ಬಲಕ್ಕೆ ಕೆಳಗೆ ಸಮುದ್ರ. ಹತ್ತು ಗಂಟೆಯ ನಂತರ ಆ ಕಲ್ಲು ಕಾಯುತ್ತದೆ, ನೆರಳು ಕಡಿಮೆ. ಬೆನ್ನಿನ ಚೀಲ 8 ಕೆ.ಜಿ. ಇದ್ದರೆ ಇದು ಸಲೀಸು, 15 ಆದರೆ ಆಟೊ ಕೂಗದೆ ವಿಧಿಯಿಲ್ಲ. ಒಂದು ಜೊತೆ ಜೀನ್ಸ್, ಒಂದು ಜೊತೆ ಬೂಟು ಮನೆಯಲ್ಲೇ ಬಿಟ್ಟರೆ ಎರಡು ಕಿಲೋ ಇಳಿಯುತ್ತದೆ.

ಎರಡು ರಾತ್ರಿ, ಮೂರು ಹಗಲಿಗೆ ಒಬ್ಬರ ಅಂದಾಜು ಹೀಗಿದೆ: ಹೋಗಿಬರುವ ಬಸ್ ₹1,300, ಡಾರ್ಮಿಟರಿ ಹಾಸಿಗೆ ₹1,000, ಊಟ-ತಿಂಡಿ ₹1,050, ನೀರು ಮತ್ತು ಸ್ಥಳೀಯ ಬಸ್ ₹200. ಒಟ್ಟು ₹3,550. ಶೂನ್ಯ ಟಿಕೆಟಿನವರಿಗೆ ₹2,250ರೊಳಗೆ ಮುಗಿದೀತು. ಊಟದ ₹1,050 ಸಾಲಬೇಕಾದರೆ ಎರಡು ಹೊತ್ತಾದರೂ ರಥಬೀದಿ ಕಡೆಯ ಖಾನಾವಳಿಯಲ್ಲಿ ಉಣ್ಣಬೇಕು. ಬೀಚಿನ ಗುಡಿಸಲು ಹೋಟೆಲಿನಲ್ಲಿ ಒಂದು ಬೆಳಗಿನ ತಿಂಡಿಯೇ ಊರಿನ ಎರಡು ಊಟದ ಬೆಲೆ ಮುಟ್ಟುವುದುಂಟು. ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ ಮಾತ್ರ ಚೌಕಾಸಿ ಬೇಡ. ಉಳಿಸುವ ಜಾಗ ಅದಲ್ಲ.

ಇನ್ನೊಂದು ಅಗ್ಗದ ಲೆಕ್ಕವಿದೆ, ಅದನ್ನು ಹಾಕಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಮಿನ ಬಾಡಿಗೆ ಇಳಿಯುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ ಸುರಿಯುವ 3,000 ಮಿ.ಮೀ.ಗೂ ಮೀರಿದ ಮಳೆಯಲ್ಲಿ ಬಹುಪಾಲು ಬೀಳುವುದು ಈ ನಾಲ್ಕು ತಿಂಗಳಲ್ಲೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಆ ತಿಂಗಳುಗಳಲ್ಲಿ ಕಡಲು ಈಜಲು ಇರುವುದಲ್ಲ. ನವೆಂಬರ್ ಬರುವವರೆಗೆ ತಡೆಯಿರಿ, ಬಾಡಿಗೆ ನೂರಿನ್ನೂರು ಹೆಚ್ಚಾದರೂ ಪರವಾಗಿಲ್ಲ.