ಡಬಲ್ ಗ್ಲಾಸ್ ಹಾಕಿಸೋ ಮುಂಚೆ ಒಂದು ಲೆಕ್ಕ

ಚಳಿಗಾಲಕ್ಕೆ ಹಾಸನದಿಂದ ಅಮ್ಮ ನಮ್ಮ ನೋಯ್ಡಾ ಮನೆಗೆ ಬಂದಿದ್ದಾರೆ. ಮಂಡಿ ನೋವು, ರಾತ್ರಿ ಹೀಟರ್ ಆರಿಸೋ ಹಾಗಿಲ್ಲ. ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸಿ, ಬಿಲ್ ಅರ್ಧ ಆಗುತ್ತೆ ಅಂತ ಒಬ್ಬರು 40,000 ರೂಪಾಯಿ ಹೇಳಿದ್ರು.

ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ರೆ, ಒಂದು ಚದರ ಮೀಟರ್ ಸಿಂಗಲ್ ಗ್ಲಾಸಿನಿಂದ ಸುಮಾರು 5.7 ವ್ಯಾಟ್ ಶಾಖ ಹೊರಗೆ ಹೋಗುತ್ತೆ. ಡಬಲ್ ಗ್ಲಾಸಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ನಮ್ಮ ಕಿಟಕಿ 3 ಚದರ ಮೀಟರ್. ವ್ಯತ್ಯಾಸ 10 ಡಿಗ್ರಿ ಹಿಡಿದರೆ 171 ವ್ಯಾಟ್. ರಾತ್ರಿಗೆ 8 ಗಂಟೆಯಂತೆ 70 ದಿನಕ್ಕೆ 96 ಯೂನಿಟ್. ಉಳಿಯೋದು 48. ಯೂನಿಟ್‌ಗೆ 7 ರೂಪಾಯಿ ಅಂದ್ರೆ ವರ್ಷಕ್ಕೆ 336. ಹಾಕಿದ ದುಡ್ಡು ವಾಪಸ್ ಬರೋಕೆ ನೂರು ವರ್ಷ ದಾಟುತ್ತೆ, ಅದೂ ಬಾಡಿಗೆ ಮನೆಗೆ!

ನಿಜವಾದ ಉಳಿತಾಯ ಬೇರೆ ಕಡೆ ಇತ್ತು. ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ ಕೊಡೋದು. ಹಾಟ್ ಅಂಡ್ ಕೋಲ್ಡ್ ಎಸಿ ಹೊರಗಿನ ಗಾಳಿಯಿಂದ ಶಾಖ ಎಳೆದುಕೊಂಡು ಸುಮಾರು 3 ಯೂನಿಟ್ ಕೊಡುತ್ತೆ. ನಮ್ಮ ಹೀಟರ್ ಸರಾಸರಿ 1,000 ವ್ಯಾಟ್ ಎಳೆದ್ರೆ ಅದೇ 70 ದಿನಕ್ಕೆ 560 ಯೂನಿಟ್. ಎಸಿಗೆ 187 ಸಾಕು. ಉಳಿತಾಯ ಸುಮಾರು 2,600 ರೂಪಾಯಿ, ಖರ್ಚು ಸೊನ್ನೆ. ಯಾಕಂದ್ರೆ ಗೋಡೆ ಮೇಲಿದ್ದ ಎಸಿಯಲ್ಲೇ ಆ ಮೋಡ್ ಇತ್ತು. ಎಂಟೆಕ್ ಮಾಡಿದ ನಾನು ಎರಡು ವರ್ಷದಿಂದ ರಿಮೋಟ್ ಸರಿಯಾಗಿ ನೋಡೇ ಇರಲಿಲ್ಲ.

ಬಾಗಿಲ ಕೆಳಗಿನ ಸಂದಿಗೆ ಅಮ್ಮ ಹಳೇ ಬೆಡ್‌ಶೀಟ್ ಸುತ್ತಿ ಇಟ್ಟಿದ್ದಾರೆ. ಅದರ ಲೆಕ್ಕ ನಾನು ಹಾಕಿಲ್ಲ, ಆದರೆ ಕಾಲಿಗೆ ಹೊಡೀತಿದ್ದ ಗಾಳಿ ನಿಂತಿದೆ.