ದೀರ್ಘವ್ಯಾಧಿಯೂ ಸಕಾಲ ಚಿಕಿತ್ಸೆಯೂ

ವ್ಯಾಧಿಗಳಲ್ಲಿ ಸಾಧ್ಯವಾದುವು, ಅಸಾಧ್ಯವಾದುವು ಎಂಬ ಎರಡು ಬಗೆ ಎಲ್ಲರಿಗೂ ತಿಳಿದಿರತಕ್ಕದ್ದೇ. ನಮ್ಮ ಪ್ರಾಚೀನ ವೈದ್ಯರು ಇವೆರಡರ ನಡುವೆ ಮತ್ತೊಂದು ಬಗೆಯನ್ನು ಗುರುತಿಸಿ, ಅದಕ್ಕೆ ಯಾಪ್ಯವೆಂದು ಹೆಸರಿಟ್ಟರು. ಪೂರ್ಣವಾಗಿ ಗುಣವಾಗದ, ಆದರೆ ಚಿಕಿತ್ಸೆ ನಡೆಯುತ್ತಿರುವವರೆಗೂ ಹದ್ದಿನಲ್ಲಿರತಕ್ಕ ವ್ಯಾಧಿಯೇ ಯಾಪ್ಯ. ಸುಶ್ರುತಸಂಹಿತೆಯಲ್ಲಿ ಇಂಥ ರೋಗಿಯನ್ನು ಬೀಳಲಿರುವ ಮನೆಗೂ, ಅವನಿಗೆ ಸಲ್ಲುವ ಚಿಕಿತ್ಸೆಯನ್ನು ಆ ಮನೆಗೆ ಕೊಟ್ಟ ಆಸರೆಗಂಬಕ್ಕೂ ಹೋಲಿಸಿದೆ. ಕಂಬ ನೆಟ್ಟಗಿರುವವರೆಗೆ ಮನೆಯೂ ನಿಂತಿರುತ್ತದೆ, ಒಳಗಿನವರು ಸಂಸಾರ ನಡೆಸುತ್ತಾರೆ, ಮದುವೆ ಮುಂಜಿಗಳಾಗುತ್ತವೆ. ಆದರೆ ಕಂಬವು ಜಾರಿದ ದಿನ ಮನೆ ನಿಧಾನವಾಗಿ ಬೀಳುವುದಿಲ್ಲ, ಒಮ್ಮೆಗೇ ಬೀಳುತ್ತದೆ. ನಾವು ಮರೆಯುವುದು ಈ ಕಡೆಯ ಮಾತನ್ನು. ಬಹುಕಾಲದಿಂದ ಇರುವ ರೋಗವಾದ್ದರಿಂದ ಅದಕ್ಕೆ ಅವಸರವೇನೂ ಇಲ್ಲವೆಂದು ಭಾವಿಸುತ್ತೇವೆ. ಈ ಭಾವನೆ ಎಷ್ಟು ತಪ್ಪು, ಅದರಿಂದಾಗುವ ಹಾನಿ ಯಾವುದು, ಅದನ್ನು ತಡೆಯುವ ಉಪಾಯವೇನು ಎಂಬುದನ್ನು ವಿಚಾರಮಾಡೋಣ.

ಯಾಪ್ಯವ್ಯಾಧಿಗಳು ಇಂದು ಹೆಚ್ಚಾಗಿ ಕಾಣುವುದಕ್ಕೆ ವೈದ್ಯಶಾಸ್ತ್ರದ ಅಭಿವೃದ್ಧಿಯೂ ಒಂದು ಕಾರಣ. 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದನ್ನು ಕೊಟ್ಟರು. ಅದಕ್ಕೆ ಮೊದಲು ಎಳೆಯ ವಯಸ್ಸಿನಲ್ಲಿ ಬಂದ ಮಧುಮೇಹವು ಮರಣಕ್ಕೆ ಪರ್ಯಾಯಪದವಾಗಿತ್ತು. 1943ರಲ್ಲಿ ಹಾಲೆಂಡಿನ ವಿಲೆಮ್ ಕೋಲ್ಫ್ ಎಂಬ ವೈದ್ಯರು ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರದಿಂದ ಮಾಡಿಸುವ ಪ್ರಯೋಗವನ್ನು ಆರಂಭಿಸಿದರು. 1960ರ ತರುವಾಯ ಆ ಯಂತ್ರದ ಸಹಾಯದಿಂದ ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಹೀಗೆ ಅಸಾಧ್ಯವಾಗಿದ್ದುವು ಯಾಪ್ಯಗಳಾದುವು. ಹಿಂದೆ ಬದುಕದೆ ಹೋಗುತ್ತಿದ್ದವರು ಈಗ ನಮ್ಮ ನಡುವೆ ಬದುಕಿದ್ದಾರೆ. ಆದರೆ ಅವರ ಬದುಕು ಒಂದು ಸೀಸೆಯನ್ನೋ ಒಂದು ಯಂತ್ರವನ್ನೋ ಒಂದು ರಸ್ತೆಯನ್ನೋ ನಂಬಿಕೊಂಡಿದೆ.

ಆಸರೆಗಂಬ ಜಾರುವುದೆಂದರೇನು ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು. ಇನ್ಸುಲಿನ್ ತೆಗೆದುಕೊಂಡ ಮಧುಮೇಹಿಯು ಹೊತ್ತಿಗೆ ಸರಿಯಾಗಿ ಊಟಮಾಡದೆ ಹೋದರೆ ಅವನ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತಲೂ ಕೆಳಗಿಳಿಯಬಹುದು. ಆಗ ತಣ್ಣನೆಯ ಬೆವರು, ನಡುಕ, ಮಾತಿನಲ್ಲಿ ಗೊಂದಲ ತೋರುತ್ತವೆ. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿದರೆ ಸುಮಾರು ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾನೆ. ಪ್ರಜ್ಞೆ ತಪ್ಪಿದ ಮೇಲೆ ಬಾಯಿಗೆ ಏನನ್ನೂ ಹಾಕಕೂಡದು. ಆಗ ಬೇಕಾಗುವುದು ವೈದ್ಯನ ಕೈ. ಎರಡನೆಯದು ಮೂತ್ರಪಿಂಡದ ವೈಫಲ್ಯ. ಇಂಥವರಿಗೆ ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಮೂಲಕ ರಕ್ತಶೋಧನೆ ನಡೆಯಬೇಕು. ಒಂದು ಸರದಿ ತಪ್ಪಿದರೆ ನೀರು ಶ್ವಾಸಕೋಶದಲ್ಲಿ ತುಂಬುವುದುಂಟು. ಪೊಟ್ಯಾಸಿಯಂ ಲವಣವು ರಕ್ತದಲ್ಲಿ ಏರಿ ಹೃದಯವು ಇದ್ದಕ್ಕಿದ್ದಂತೆ ನಿಲ್ಲುವುದೂ ಉಂಟು. ಬಳಲಿದವರಿಗೆಲ್ಲ ನಾವು ಉಪಚಾರವೆಂದು ಕೊಡುವ ಎಳನೀರು ಇಂಥವರಿಗೆ ಅಪಾಯಕರವಾಗುವುದು ಅದರಲ್ಲಿ ಈ ಲವಣವು ಹೇರಳವಾಗಿರುವುದರಿಂದಲೇ. ಮೂರನೆಯದು ಹೃದಯಾಘಾತ. ರಕ್ತನಾಳವು ಮುಚ್ಚಿಕೊಂಡ ಕ್ಷಣದಿಂದ ಹೃದಯದ ಮಾಂಸವು ಸಾಯತೊಡಗುತ್ತದೆ. ಹೆಪ್ಪನ್ನು ಕರಗಿಸುವ ಔಷಧವು ಮೊದಲ ಕೆಲವು ಗಂಟೆಗಳಲ್ಲಿ ಬಹಳ ಉಪಕಾರಿ. ಹನ್ನೆರಡು ಗಂಟೆ ಕಳೆದ ಮೇಲೆ ಅದರ ಪ್ರಯೋಜನ ಅತ್ಯಲ್ಪ. ಬಹುಕಾಲದ ಮಧುಮೇಹಿಗಳಲ್ಲಿ ಕೆಲವರಿಗೆ ಎದೆನೋವೇ ಇಲ್ಲದೆ, ಬರಿಯ ಏದುಸಿರು, ಬೆವರು, ಸುಸ್ತುಗಳಿಂದಲೇ ಈ ಆಘಾತವಾಗುವುದರಿಂದ ಅದನ್ನು ಗುರುತಿಸುವುದೂ ತಡವಾಗುತ್ತದೆ. ರೋಗವು ವರ್ಷಗಳ ಲೆಕ್ಕದ್ದು; ಅಪಾಯವು ನಿಮಿಷಗಳ ಲೆಕ್ಕದ್ದು.

ಈಗ ಈ ನಿಮಿಷಗಳನ್ನು ಒಂದು ಗ್ರಾಮದಲ್ಲಿಟ್ಟು ನೋಡೋಣ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ, ಪಶ್ಚಿಮಘಟ್ಟದ ಬುಡದಲ್ಲಿ, ಕೊಲ್ಲಮೊಗ್ರು ಎಂಬ ಊರಿದೆ. ಕಾಡು, ಅಡಕೆಯ ತೋಟ, ಹೊಳೆ, ತೋಡುಗಳ ಸೀಮೆ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಅವರವರ ತೋಟದ ನಡುವೆ ಅವರವರ ಮನೆ. ನೆರೆಮನೆಯೆಂದರೆ ಒಂದು ಗುಡ್ಡದಾಚೆ ಇದ್ದೀತು. ಇಲ್ಲಿಂದ ತಾಲೂಕಿನ ಕೇಂದ್ರವಾದ ಸುಳ್ಯಕ್ಕೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ದೊಡ್ಡ ಆಸ್ಪತ್ರೆಗಳಿರುವ ಮಂಗಳೂರಿಗೆ ನೂರು ಕಿಲೋಮೀಟರಿಗೂ ಮಿಕ್ಕದ್ದು. ಪಟ್ಟಣದಲ್ಲಿರುವ ನಾವು ದೂರವನ್ನು ಕಿಲೋಮೀಟರುಗಳಲ್ಲಿ ಎಣಿಸುತ್ತೇವೆ. ಘಟ್ಟದ ಬುಡದವರು ಅದನ್ನು ಬೇರೆ ವಿಧದಲ್ಲಿ ಎಣಿಸಬೇಕಾಗಿದೆ: ಮನೆಯಿಂದ ಸಂಕದವರೆಗೆ ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ತರುವ ಹೊತ್ತು, ಜೀಪನ್ನೋ ಆಟೋರಿಕ್ಷಾವನ್ನೋ ಕರೆಸುವ ಹೊತ್ತು, ಫೋನಿಗೆ ಸಂಕೇತ ಸಿಕ್ಕುವ ದಿಬ್ಬವನ್ನು ಹತ್ತುವ ಹೊತ್ತು. ಆಸ್ಪತ್ರೆಯ ಗಡಿಯಾರವು ರೋಗಿ ಬಾಗಿಲಿಗೆ ಬಂದಾಗ ಎಣಿಕೆಯನ್ನು ಆರಂಭಿಸುತ್ತದೆ. ರೋಗದ ಗಡಿಯಾರವು ಅದಕ್ಕೆ ಬಹಳ ಮೊದಲೇ ಓಡತೊಡಗಿರುತ್ತದೆ.

ಆಕಸ್ಮಿಕಗಳ ಮಾತು ಹಾಗಿರಲಿ, ಕ್ರಮವಾದ ಚಿಕಿತ್ಸೆಯೇ ಇಲ್ಲಿ ಒಂದು ಸಾಹಸ. ಇಲ್ಲಿಂದ ವಾರಕ್ಕೆ ಮೂರು ಸಲ ಡಯಾಲಿಸಿಸಿಗಾಗಿ ಸುಳ್ಯಕ್ಕೆ ಹೋಗಿಬರುವ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳೋಣ. ವಾರವೊಂದಕ್ಕೆ ನೂರೆಂಬತ್ತು ಕಿಲೋಮೀಟರಿಗೂ ಹೆಚ್ಚು ಪ್ರಯಾಣ. ಏಳು ದಿನಗಳಲ್ಲಿ ಮೂರು ದಿನ ಅದಕ್ಕೇ ಮೀಸಲು. ಜೊತೆಗೆ ಹೋಗುವವರ ದುಡಿಮೆಯೂ ನಷ್ಟ. ಯಂತ್ರದ ಸೇವೆ ಧರ್ಮಾರ್ಥವಾಗಿ ದೊರೆತರೂ ದಾರಿಯ ಖರ್ಚು ಧರ್ಮಾರ್ಥವಲ್ಲ. ಸರದಿ ತಪ್ಪಿಸಿದ ರೋಗಿಯನ್ನು ಅಲಕ್ಷ್ಯದವನೆಂದು ಬೈಯುವುದಕ್ಕೆ ಮೊದಲು ಈ ಲೆಕ್ಕವನ್ನು ನೋಡಬೇಕು.

ದಾರಿಯೇ ಕಡಿದುಹೋದರೆ ಏನು ಗತಿ? 2022ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ, ಸುಬ್ರಹ್ಮಣ್ಯಗಳ ಕಡೆ ಸುರಿದ ಮಹಾಮಳೆಯಲ್ಲಿ ಗುಡ್ಡಗಳು ಕುಸಿದು, ಹೊಳೆಗಳು ಉಕ್ಕಿ, ಸೇತುವೆ ಸಂಕಗಳು ಹಾನಿಗೊಂಡುವು. ದಾರಿ ಕಡಿಯುವುದು ಮಳೆಯಿಂದ ಮಾತ್ರವಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಹರಡದಂತೆ ಕರ್ನಾಟಕ ಮತ್ತು ಕೇರಳಗಳ ನಡುವಣ ಗಡಿಯನ್ನು ಮುಚ್ಚಿದಾಗ, ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಬಿತ್ತು. ಕಾಸರಗೋಡಿನ ಜನ, ಅವರಲ್ಲಿ ಅಲ್ಲಿನ ಕನ್ನಡಿಗರೂ, ತಲೆಮಾರುಗಳಿಂದ ವೈದ್ಯಕ್ಕೆ ನಂಬಿಕೊಂಡಿದ್ದುದು ಮಂಗಳೂರನ್ನು. ತಲಪಾಡಿಯ ಗಡಿಯನ್ನು ದಾಟಲಾಗದೆ, ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಕೆಲವರು ಮೃತರಾದರೆಂದು ಆಗ ವರದಿಯಾಯಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರೆಯಬೇಕೆಂದಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 7ರ ವೇಳೆಗೆ ರೋಗಿಗಳನ್ನು ಬಿಡುವ ನಿಯಮಗಳ ಬಗ್ಗೆ ಒಪ್ಪಂದವಾಯಿತು. ಆರೋಗ್ಯವಂತನಿಗೆ ಎರಡು ವಾರ ರಸ್ತೆಯಿಲ್ಲದಿದ್ದರೆ ತೊಂದರೆ. ವಾರಕ್ಕೆ ಮೂರು ಸಲ ರಕ್ತ ಶೋಧಿಸಿಕೊಳ್ಳಬೇಕಾದವನಿಗೆ ಅದು ಅವಧಿಯ ಅಂತ್ಯ. ರಸ್ತೆಯನ್ನು ಮುಚ್ಚುವ ಯಾವ ಆಜ್ಞೆಯಲ್ಲಿಯೂ ಮೊದಲು ನೆನೆಯತಕ್ಕವರು ಇವರು.

ಇಷ್ಟು ರಸ್ತೆಯ ದೂರದ ಮಾತಾಯಿತು. ಇದಲ್ಲದೆ ಇನ್ನೊಂದು ದೂರವಿದೆ. ಅದು ಪಟ್ಟಣದಲ್ಲಿ ಆಸ್ಪತ್ರೆಯ ಎದುರುಮನೆಯಲ್ಲಿರುವವರಿಗೂ ತಪ್ಪಿದ್ದಲ್ಲ. ನಿತ್ಯ ಸಾಯುವವರಿಗೆ ಅಳುವವರಾರು ಎಂಬ ಗಾದೆ ನಮ್ಮಲ್ಲಿದೆ. ಹತ್ತು ವರ್ಷದಿಂದ ಉಬ್ಬಸವಿರುವ ತಾಯಿ ಒಂದು ರಾತ್ರಿ ಉಸಿರು ಕಟ್ಟುತ್ತದೆಯೆಂದರೆ, ಮನೆಯವರು ಅದು ಎಂದಿನದೇ ಎಂದು ತಿಳಿಯುತ್ತಾರೆ. ಆಸ್ಪತ್ರೆಯಲ್ಲಿ ದಪ್ಪ ಕಾಗದದ ಕಟ್ಟನ್ನು ಕಂಡ ಕಿರಿಯ ವೈದ್ಯನೂ ಹಳೆಯ ರೋಗಿ, ಹೊಸದಾಗಿ ಬಂದವನನ್ನು ಮೊದಲು ನೋಡೋಣ ಎಂದುಕೊಳ್ಳುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ, ರೋಗಿಯೇ ಸಂಕೋಚಪಡುತ್ತಾನೆ. ಹಿಂದೆ ಎರಡು ಸಲ ಅರ್ಧರಾತ್ರಿಯಲ್ಲಿ ಎಲ್ಲರನ್ನೂ ಎಬ್ಬಿಸಿ, ವಾಹನ ಮಾಡಿಸಿ, ಆಸ್ಪತ್ರೆಗೆ ಹೋದಾಗ ಏನೂ ಇಲ್ಲವೆಂದು ಕಳುಹಿಸಿದ್ದರು. ಮೂರನೆಯ ಸಲ ಅವನು ಬೆಳಗಾಗಲೆಂದು ಕಾಯುತ್ತಾನೆ. ಎಷ್ಟೋ ಮನೆಗಳಲ್ಲಿ ಪ್ರಾಣ ಹೋಗುವುದು ಈ ದಾಕ್ಷಿಣ್ಯದಿಂದ. ಏನೂ ಇಲ್ಲವೆಂದು ತಿಳಿದು ಹಿಂದಿರುಗಿದ ಪ್ರಯಾಣವು ವ್ಯರ್ಥವಾದುದಲ್ಲ. ಅದನ್ನು ಮೂದಲಿಸಿದ ಮಾತೇ ಮುಂದಿನ ಸಲದ ತಡಕ್ಕೆ ಕಾರಣವಾಗುತ್ತದೆ.

ಹಾಗಾದರೆ ಉಪಾಯವೇನು? ರೋಗಿಯನ್ನು ಆಸ್ಪತ್ರೆಗೆ ಬೇಗ ಒಯ್ಯುವುದು ಒಂದು. ಆಸ್ಪತ್ರೆಯ ತಿಳಿವಳಿಕೆಯನ್ನು ರೋಗಿಯ ಬಳಿಗೆ ತರುವುದು ಇನ್ನೊಂದು. ಮೊದಲನೆಯದಕ್ಕೆ ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ 108 ಸಂಖ್ಯೆಯ ವಾಹನ ಸೇವೆಯಿದೆ. ಎರಡನೆಯದಕ್ಕೆ ಮಂಗಳೂರಿನ ಹೃದ್ರೋಗತಜ್ಞರಾದ ಡಾಕ್ಟರ್ ಪದ್ಮನಾಭ ಕಾಮತರ ಪ್ರಯತ್ನ ಉತ್ತಮ ನಿದರ್ಶನ. 2018ರಿಂದ ಅವರು ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಹೃದಯದ ರೇಖಾಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುವ ಏರ್ಪಾಡನ್ನು ಮಾಡಿದರು. ನೂರು ಕಿಲೋಮೀಟರಿನಾಚೆ ತಿಳಿಯುತ್ತಿದ್ದುದು ಊರಿನಲ್ಲೇ ನಿಮಿಷಗಳಲ್ಲಿ ತಿಳಿಯುತ್ತದೆ. 2023ರಲ್ಲಿ ರಾಜ್ಯ ಸರ್ಕಾರವು ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ತಂದ ಹೃದಯಜ್ಯೋತಿ ಯೋಜನೆಯ ತತ್ತ್ವವೂ ಇದೇ: ತಾಲೂಕು ಆಸ್ಪತ್ರೆಯಲ್ಲಿಯೇ ರೇಖಾಚಿತ್ರ, ದೂರದ ತಜ್ಞರ ಸಲಹೆ, ಬೇಕಾದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು. ಮೊದಲು ಕಂಬವನ್ನು ನೆಟ್ಟು, ಆಮೇಲೆ ದೂರದ ಪ್ರಯಾಣ.

ಮನೆಯವರು ಮಾಡತಕ್ಕದ್ದೂ ಕೆಲವುಂಟು. ರೋಗಗಳ ಹೆಸರು, ಔಷಧಗಳು ಮತ್ತು ಅವುಗಳ ಪ್ರಮಾಣ, ಒಗ್ಗದ ಔಷಧ, ಕಡೆಯ ಪರೀಕ್ಷೆಗಳ ಫಲ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿಡಬೇಕು. ಅದರಲ್ಲಿಯೇ, ರೋಗಿ ಚೆನ್ನಾಗಿರುವ ದಿನ ಹೇಗಿರುತ್ತಾನೆಂಬುದನ್ನೂ ಬರೆಯಬೇಕು: ಎಷ್ಟು ದೂರ ನಡೆಯಬಲ್ಲ, ಒಂದೇ ದಿಂಬಿನ ಮೇಲೆ ಮಲಗಬಲ್ಲನೆ, ರಕ್ತದೊತ್ತಡ ಸಾಮಾನ್ಯವಾಗಿ ಎಷ್ಟು. ಏತಕ್ಕೆಂದರೆ, ಹಳೆಯ ರೋಗಿಯ ವಿಷಯದಲ್ಲಿ ವೈದ್ಯನಿಗೆ ತಿಳಿಯಬೇಕಾದ ಮುಖ್ಯ ಸಂಗತಿ ರೋಗವಿದೆ ಎಂಬುದಲ್ಲ; ಈ ದಿನ ಅದು ಎಂದಿನಂತಿಲ್ಲ ಎಂಬುದು. ನಿನ್ನೆ ಅಂಗಳ ದಾಟಿದವನು ಇಂದು ಮಾತನ್ನು ಪೂರ್ಣಗೊಳಿಸಲಾರದೆ ಏದುತ್ತಿದ್ದಾನೆಂದು ಹೇಳಿದರೆ, ಕಾಗದದ ಕಟ್ಟು ಎಷ್ಟೇ ದಪ್ಪವಾಗಿರಲಿ, ಬುದ್ಧಿವಂತನಾದ ವೈದ್ಯನು ಎದ್ದು ಬರುತ್ತಾನೆ. ಮಳೆಗಾಲಕ್ಕೆ ಮುಂಚೆ ಔಷಧವನ್ನು ತಿಂಗಳ ಮಟ್ಟಿಗೆ ತಂದಿಡುವುದು, ದಾರಿ ಕೆಟ್ಟಾವೆಂಬ ಸೂಚನೆಯಿದ್ದಾಗ ಡಯಾಲಿಸಿಸಿನವರನ್ನು ಪೇಟೆಯ ಬಂಧುಗಳ ಮನೆಯಲ್ಲಿರಿಸುವುದು, ಇವು ಘಟ್ಟದ ಬುಡದವರು ಮಾಡಬಹುದಾದ ಮುನ್ನೆಚ್ಚರಿಕೆಗಳು. ಪೇಟೆಯ ಬಂಧುಗಳೆಂದರೆ ನಾವೇ. ನಮ್ಮ ಮನೆಯಲ್ಲಿ ಒಂದು ಹಾಸಿಗೆಯನ್ನು ತೆರವುಮಾಡುವುದೂ ಚಿಕಿತ್ಸೆಯ ಒಂದು ಭಾಗವೇ.

ಕೊಲ್ಲಮೊಗ್ರಿನ ಕಡೆಯ ಕೃಷಿಕರಿಗೆ ಹೊತ್ತಿನ ಬೆಲೆಯನ್ನು ಯಾರೂ ಕಲಿಸಬೇಕಾದ್ದಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆ ಅಡಕೆಯ ಗೊನೆಗಳಿಗೆ ಬೋರ್ಡೋ ಮದ್ದು ಬಿಡದಿದ್ದರೆ ಕೊಳೆರೋಗವು ವರ್ಷದ ಫಸಲನ್ನು ಉದುರಿಸುವುದೆಂದು ಅವರು ಬಲ್ಲರು. ಮಳೆಯ ನಡುವೆ ಬಿಸಿಲು ಕಂಡ ದಿನ ಬೇರೆ ಕೆಲಸಗಳನ್ನೆಲ್ಲ ಬಿಟ್ಟು ಮರ ಹತ್ತಿಸುತ್ತಾರೆ. ಅಷ್ಟೇ ಅವಸರವು ಮನೆಯೊಳಗೆ ಗೋಡೆಯ ಕಡೆ ಮುಖಮಾಡಿ ಮಲಗಿರುವ ಹಳೆಯ ರೋಗಿಗೂ ಸಲ್ಲಬೇಕು. ಅವನು ಬಹಳ ಕಾಲದಿಂದ ನರಳುತ್ತಿರುವುದು ನಿಜ. ಇಂದು ಕರೆದಾಗ ಏಳುವುದಕ್ಕೆ ಅದು ಕಾರಣವಾಗಬೇಕೇ ಹೊರತು ತಡಮಾಡುವುದಕ್ಕಲ್ಲ.